ನೋವು ವೀಣಾಗೆ, ಕಾಯಿಲೆ ನನಗೆ

ಇದು ಮೂರು ವರ್ಷದ ಹಿಂದಿನ ಆಡಿ ತಿಂಗಳಿನ ಮಾತು. ಚೆನ್ನೈಯಲ್ಲಿ ಆಡಿ, ಅಂದರೆ ನಮ್ಮ ಆಷಾಢ, ಬಂತೆಂದರೆ ರಿಯಾಯಿತಿ ಮಾರಾಟಕ್ಕೆ ಊರಿಗೆ ಊರೇ ಬಟ್ಟೆ ಅಂಗಡಿಗಳಿಗೆ ನುಗ್ಗುತ್ತದೆ. ನಮ್ಮದು ಸೌಕಾರ್‌ಪೇಟೆಯಲ್ಲಿ ರವಿಕೆ ಬಟ್ಟೆ, ಲೈನಿಂಗ್ ಬಟ್ಟೆಯ ಸಗಟು ವ್ಯಾಪಾರ. ನಮ್ಮದು ಎಂದರೆ ನನ್ನ ಗಂಡನ ಮನೆಯವರದು. ಮಾವನವರ ಕಾಲದಲ್ಲೇ ತುಮಕೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನಾನು ಮೈಸೂರಿನವಳು, ಮದುವೆಯಾಗಿ ಬಂದವಳು. ಅಂಗಡಿಗೂ ನನಗೂ ಅಷ್ಟಕ್ಕಷ್ಟೆ. ಪೆರುಂಗುಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ, ಅದಕ್ಕೇ ನಿನಗೆ ಬಾಯಿ ಜಾಸ್ತಿ ಎಂದು ನನ್ನ ಗಂಡ ನಂದೀಶ್ ರೇಗಿಸುತ್ತಿರುತ್ತಾರೆ.

ಮನೆಯಲ್ಲಿ ಅತ್ತೆ, ನಾವಿಬ್ಬರು, ಮೈದುನ ಪ್ರಸನ್ನ, ಅವನ ಹೆಂಡತಿ ವೀಣಾ. ವೀಣಾ ಗುಬ್ಬಿ ಕಡೆಯ ಹುಡುಗಿ. ಮದುವೆಯಾಗಿ ಆಗಿನ್ನೂ ವರ್ಷ ತುಂಬಿತ್ತಷ್ಟೆ. ತಮಿಳು ಬಾರದು, ಕನ್ನಡದಲ್ಲೂ ಮಾತು ಕಡಿಮೆ. ಪ್ರತಿ ತಿಂಗಳು ಮುಟ್ಟಾದಾಗ ಅವಳ ಪಾಡು ನೋಡಲಾಗುತ್ತಿರಲಿಲ್ಲ. ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಗೆ ಒತ್ತಿಕೊಂಡು, ಮಂಡಿಗಳನ್ನು ಎದೆಗೆ ಸೇರಿಸಿ, ಗೋಡೆಯ ಕಡೆ ಮುಖ ಮಾಡಿ ಮುದುರಿ ಮಲಗಿರುತ್ತಿದ್ದಳು. ಕುಡಿದ ಕಾಫಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆ ಓಮದ ಕಷಾಯ ಮಾಡಿಕೊಡುತ್ತಿದ್ದರು. ಅವರಿಗೆ ಕಾಳಜಿ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಆದರೆ ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಅದರ ಜೊತೆಗೆ ನನ್ನ ಉದಾಹರಣೆ ಬೇರೆ ಕೊಡುತ್ತಿದ್ದರು. ಚೈತ್ರಾನ ನೋಡು, ಒಂದು ದಿನವಾದರೂ ಹೀಗೆ ಮಲಗಿದ್ದಾಳಾ ಎನ್ನುವುದು.

ನಿಜ ಹೇಳಬೇಕೆಂದರೆ ಆ ಹೊಗಳಿಕೆ ನನಗೆ ಹಿಡಿಸುತ್ತಿತ್ತು. ನನಗೆ ಮುಟ್ಟಿನ ನೋವೆಂದರೆ ಏನೆಂದೇ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅದೇ ದಿನಗಳಲ್ಲಿ ಖೋಖೋ ಆಡಿದ್ದೇನೆ. ತಿಂಗಳು ತಪ್ಪುತ್ತಿರಲಿಲ್ಲ, ಹೆಚ್ಚು ಹೋಗುತ್ತಿರಲಿಲ್ಲ, ಸೊಂಟ ಹಿಡಿಯುತ್ತಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಮಕ್ಕಳನ್ನು ನಾವೇ ಮುಂದಕ್ಕೆ ಹಾಕಿದ್ದೆವು. ನಂದೀಶ್ ಎರಡನೇ ಅಂಗಡಿ ತೆರೆಯುವ ಓಡಾಟದಲ್ಲಿದ್ದರು, ನನಗೆ ಬಡ್ತಿಯ ಆಸೆ. ಇನ್ನೆರಡು ವರ್ಷ ಹೋಗಲಿ ಎಂದುಕೊಂಡಿದ್ದೆವು. ಬೇಕೆಂದಾಗ ಆಗುತ್ತದೆ, ಅದರಲ್ಲೇನಿದೆ ಎಂಬ ಧೈರ್ಯ ನನ್ನದು.

ಆ ಆಡಿಯಲ್ಲಿ ಒಂದು ಬೆಳಿಗ್ಗೆ ವೀಣಾ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದವಳು ಹಾಗೇ ಗೋಡೆ ಹಿಡಿದು ಕುಸಿದು ಕುಳಿತಳು. ಮುಖ ಬಿಳಿಚಿಕೊಂಡಿತ್ತು, ಹಣೆಯೆಲ್ಲ ಬೆವರು. ನಾನು ಒಲೆ ಆರಿಸಿ, ಅವಳನ್ನು ಮಲಗಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆಗೆ ಹೇಳಿದೆ. ಅತ್ತೆ ಹುಟ್ಟಿ ಬೆಳೆದದ್ದು ತಿಪಟೂರಾದರೂ ಮಾತಿನಲ್ಲಿ ಅರ್ಧ ಚೆನ್ನೈ ಸೇರಿಕೊಂಡಿದೆ. "ಸುಮ್ಮಾ ಡಾಕ್ಟರ್ ಡಾಕ್ಟರ್ ಅಂತ ಓಡ್ಬ್ಯಾಡ. ಆಡಿ ಮುಗೀಲಿ, ಅಪ್ಪುರಂ ನೋಡಾನ" ಅಂದರು. ಆಮೇಲೆ ನೋಡೋಣ ಎಂದು. ಆಡಿ ಇರುವುದು ಅಂಗಡಿಗೆ, ಹೊಟ್ಟೆನೋವಿಗಲ್ಲ ಎಂದು ನಾನೂ ಸುಮ್ಮನಿರದೆ ಅಂದೆ. ಅತ್ತೆ ಮುಖ ದಪ್ಪ ಮಾಡಿಕೊಂಡರೂ ತಡೆಯಲಿಲ್ಲ.

ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯನ್ನೇ ಆಸ್ಪತ್ರೆ ಮಾಡಿಕೊಂಡ ಲೇಡಿ ಡಾಕ್ಟರೊಬ್ಬರ ಬಗ್ಗೆ ಆಫೀಸಿನ ಗೆಳತಿ ಹೇಳಿದ್ದಳು. ವಯಸ್ಸಾದವರು, ಸಮಾಧಾನದವರು. ವೀಣಾ ಕನ್ನಡದಲ್ಲಿ ಹೇಳಿದ್ದನ್ನು ನಾನು ತಮಿಳಿನಲ್ಲಿ ಹೇಳುತ್ತ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಇಷ್ಟು ನೋವನ್ನು ಮಾಮೂಲಿ ಎಂದು ಬಿಡಬಾರದು, ಮೊದಲು ಸ್ಕ್ಯಾನ್ ಮಾಡಿಸೋಣ, ಮಹಡಿಯಲ್ಲೇ ಇದೆ ಅಂದರು. ಹೊಟ್ಟೆ ತುಂಬ ನೀರು ಕುಡಿದು ಕೂರಬೇಕು.

ವೀಣಾ ಒಬ್ಬಳೇ ಕುಡಿಯಲಾರಳೆಂದು ನಾನೂ ಬಾಟಲಿ ಎತ್ತಿದೆ. ಇಬ್ಬರೂ ಬೆಂಚಿನ ಮೇಲೆ ಕುಳಿತು ನೀರು ಕುಡಿದದ್ದೇ ಕುಡಿದದ್ದು. ಸ್ವಲ್ಪ ಹೊತ್ತಿಗೆ ಅವಳು ಬಾಟಲಿ ಕೆಳಗಿಟ್ಟಳು. ನನಗೆ ಬೇಡ, ಮನೆಗೆ ಹೋಗೋಣ ಎಂದು ಹಟ ಹಿಡಿದಳು. ಒಳಗೆ ಏನು ಮಾಡುತ್ತಾರೋ ಎಂಬ ಭಯ ಒಂದು. ಅದಕ್ಕಿಂತ ದೊಡ್ಡ ಭಯ, ಏನಾದರೂ ಸಿಕ್ಕರೆ ಮನೆಯಲ್ಲಿ ಏನೆನ್ನುತ್ತಾರೋ, ಏನೂ ಸಿಗದಿದ್ದರೆ ಇನ್ನೇನೆನ್ನುತ್ತಾರೋ ಎಂಬುದು. ನಾನು ಎಷ್ಟು ಪುಸಲಾಯಿಸಿದರೂ ಕೇಳಲಿಲ್ಲ. ಕೊನೆಗೆ ಮನೆಯ ಪದ್ಧತಿ ತೆಗೆದಳು.

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹಿರಿಸೊಸೆ ಮುಂದಾಗಬೇಕು. ಅಂಗಡಿಗೆ ಹೊಸ ಸರಕು ಬಂದರೆ ಮೊದಲ ಥಾನು ಬಟ್ಟೆಯನ್ನು ನಾನು ಮುಟ್ಟಬೇಕು. ಹಬ್ಬದಲ್ಲಿ ವಿಭೂತಿ ಹಚ್ಚಿಕೊಳ್ಳುವುದರಿಂದ ಹಿಡಿದು ಹೊಸ ಸೀರೆಯ ಮಡಿಕೆ ಬಿಚ್ಚುವ ತನಕ ಹಾಗೆಯೇ. ಅತ್ತೆ ಇದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಾರೆಂದರೆ, ವೀಣಾಗೆ ಅದು ರಕ್ತಕ್ಕೇ ಇಳಿದಿತ್ತು.

"ನೀವು ಹಿರೇರು ಅಕ್ಕಾ. ಮೊದ್ಲು ನೀವು ಮಾಡಿಸ್ಕಳಿ. ನಿಮಗೇನೂ ಆಗ್ದಿದ್ರೆ ನಾನು ಮಲಗ್ತೀನಿ" ಅಂದಳು.

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅರ್ಧ ದಿನದ ರಜೆ ಹಾಕಿ ಬಂದಿದ್ದೆ. ಇವಳನ್ನು ಹೀಗೇ ವಾಪಸ್ ಕರೆದುಕೊಂಡು ಹೋದರೆ ಮತ್ತೆ ಈ ಮೆಟ್ಟಿಲು ಹತ್ತಿಸುವುದು ನನ್ನ ಕೈಲಾಗದು ಎಂದು ಮಾತ್ರ ಗೊತ್ತಿತ್ತು. ಕೆಳಗಿಳಿದು ಡಾಕ್ಟರಿಗೆ ವಿಷಯ ಹೇಳಿದೆ. ಅವರು ನಕ್ಕರು. ನಗುತ್ತಲೇ ಪ್ರಶ್ನೆ ಶುರು ಮಾಡಿದರು. ನೋವಿದೆಯಾ, ಹೆಚ್ಚು ಹೋಗುತ್ತದಾ, ಗಂಡನ ಜೊತೆ ಇರುವಾಗ ನೋವಾಗುತ್ತದಾ, ಕಕ್ಕಸಿಗೆ ಹೋಗುವಾಗ ತೊಂದರೆಯಿದೆಯಾ? ಎಲ್ಲದಕ್ಕೂ ಇಲ್ಲ, ಇಲ್ಲ ಅಂದೆ. ಇದುವರೆಗೆ ಒಮ್ಮೆಯೂ ಸ್ಕ್ಯಾನ್ ಆಗಿಲ್ಲವೇ ಎಂದರು. ಅದಕ್ಕೂ ಇಲ್ಲ. ಮಕ್ಕಳು? ಇನ್ನೆರಡು ವರ್ಷ ಬೇಡ ಎಂದುಕೊಂಡಿದ್ದೇವೆ ಅಂದೆ. ಸರಿ, ಮಾಡಿಸಿದರೆ ನಷ್ಟವೇನಿಲ್ಲ, ಆ ಹುಡುಗಿಗೂ ಧೈರ್ಯ ಬರುತ್ತದೆ ಎಂದು ನನಗೂ ಒಂದು ಚೀಟಿ ಬರೆದರು.

ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಮಾತುಗಾತಿ. ವೀಣಾಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ನಾನು ಮಲಗಿ, ನೋಡು, ತಣ್ಣಗಿನ ಜೆಲ್ ಹಚ್ಚುತ್ತಾರೆ, ಅಷ್ಟೇ, ಇಸ್ತ್ರಿ ಆಡಿಸಿದ ಹಾಗೆ ಆಡಿಸುತ್ತಾರೆ ಎಂದು ವೀಣಾಗೆ ವಿವರಣೆ ಕೊಡುತ್ತಿದ್ದೆ. ಡಾಕ್ಟರಮ್ಮ ಆಡಿ ಸೇಲ್‌ನಲ್ಲಿ ಯಾವ ಅಂಗಡಿ ಒಳ್ಳೆಯದೆಂದು ಕೇಳುತ್ತಿದ್ದವರು ಎಡಗಡೆಗೆ ಬಂದಾಗ ಮಾತು ನಿಲ್ಲಿಸಿದರು. ಅಲ್ಲೇ ಒತ್ತಿ ಒತ್ತಿ ನೋಡಿದರು. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, "ಉಂಗಳುಕ್ಕು ವಲಿಯೇ ಇಲ್ಲಿಯಾ?" ಅಂದರು. ನಿಮಗೆ ನೋವೇ ಇಲ್ಲವಾ ಎಂದು.

ಇಲ್ಲವೆಂದೆ. ಅಲ್ಲಿಯತನಕ ಹೆಮ್ಮೆಯಿಂದ ಹೇಳುತ್ತಿದ್ದ ಮಾತನ್ನು ಆಗ ಮೊದಲ ಸಲ ಹೆಮ್ಮೆಯಿಲ್ಲದೆ ಹೇಳಿದೆ.

ನನ್ನ ನಂತರ ವೀಣಾ ಮಲಗಿದಳು. ಅವಳದು ಬೇಗ ಮುಗಿಯಿತು. ಇಬ್ಬರನ್ನೂ ಕೆಳಗಿನ ದೊಡ್ಡ ಡಾಕ್ಟರು ಒಟ್ಟಿಗೇ ಕೂರಿಸಿಕೊಂಡರು. ವೀಣಾಳ ಸ್ಕ್ಯಾನಿನಲ್ಲಿ ಏನೂ ಕಂಡಿಲ್ಲ ಅಂದರು. ನನ್ನ ಎಡಗಡೆಯ ಅಂಡಾಶಯದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಳ್ಳೆ ಇದೆ, ಅದರೊಳಗೆ ಹಳೆಯ ರಕ್ತ ತುಂಬಿದಂತೆ ಕಾಣುತ್ತದೆ, ಅಂಡಾಶಯ ಗರ್ಭಕೋಶದ ಹಿಂಬದಿಗೆ ಅಂಟಿಕೊಂಡಿರುವ ಹಾಗಿದೆ ಅಂದರು. ಎಂಡೊಮೆಟ್ರಿಯೋಸಿಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗಲೇ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆಲ್ಲೋ ಬೆಳೆದು, ಅಕ್ಕಪಕ್ಕದ ಅಂಗಗಳನ್ನು ಅಂಟಿಸುತ್ತ ಹೋಗುವ ಕಾಯಿಲೆಯಂತೆ. ಮಗುವಾಗುವುದಕ್ಕೂ ಅಡ್ಡ ಬರಬಹುದಂತೆ. ಇಂಥ ಗುಳ್ಳೆಗೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ ಎಂದಾಗ ನನಗೆ ನಗು ಬಂದುಬಿಟ್ಟಿತು. ಹೆದರಿದಾಗ ನಗುವುದು ನನ್ನ ಕೆಟ್ಟ ಚಾಳಿ.

ನೋವಿಲ್ಲದೆ ಹೇಗೆ ಸಾಧ್ಯ ಎಂದು ಕೇಳಿದೆ. ಈ ಕಾಯಿಲೆಗೂ ನೋವಿಗೂ ಲೆಕ್ಕ ತಾಳೆಯಾಗುವುದಿಲ್ಲ, ಚೂರು ಇದ್ದವರು ಒದ್ದಾಡುತ್ತಾರೆ, ತುಂಬ ಇದ್ದವರು ಓಡಾಡಿಕೊಂಡಿರುತ್ತಾರೆ ಅಂದರು. ವೀಣಾ ಕಡೆ ತೋರಿಸಿ, ಸ್ಕ್ಯಾನಿನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇವಳಿಗೆ ಏನೂ ಇಲ್ಲವೆಂದು ತಿಳಿಯಬೇಡಿ, ಸಣ್ಣ ಕಲೆಗಳು ಸ್ಕ್ಯಾನಿಗೆ ಸಿಗುವುದಿಲ್ಲ, ಇವಳಿಗೆ ಈಗಲೇ ಔಷಧ ಶುರು ಮಾಡುತ್ತೇನೆ ಅಂದರು. ನನಗೆ ಮಾತ್ರ ಕಾಯಲು ಹೇಳಿದರು. ಕೆಲವೊಮ್ಮೆ ಮಾಮೂಲಿ ರಕ್ತದ ಗುಳ್ಳೆಯೂ ಹೀಗೇ ಕಾಣುತ್ತದಂತೆ, ಅದಾದರೆ ತಾನಾಗಿ ಕರಗುತ್ತದಂತೆ. ಒಂದೆರಡು ಮುಟ್ಟು ಕಳೆದ ಮೇಲೆ ಮತ್ತೆ ನೋಡೋಣ ಅಂದರು.

ಆಟೋದಲ್ಲಿ ವೀಣಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗಾಗಿ ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದೆ.

"ಅದು ನಂದೇ ಆಗಿದ್ರೆ ಚೆನ್ನಾಗಿರ್ತಿತ್ತು ಅಕ್ಕಾ. ನನ್ನ ನೋವಿಗೆ ಒಂದು ಹೆಸರಾದ್ರೂ ಸಿಗ್ತಿತ್ತು" ಅಂದಳು.

ಆ ಮಾತು ನನ್ನನ್ನು ಅಲುಗಾಡಿಸಿಬಿಟ್ಟಿತು. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಅವಳನ್ನು ಯಾರೂ ನಂಬಿರಲಿಲ್ಲ.

ಮನೆಯಲ್ಲಿ ವಿಷಯ ತಿಳಿಯುತ್ತಿದ್ದಂತೆ ಅತ್ತೆ ಕ್ಷಣವೂ ಯೋಚಿಸಲಿಲ್ಲ. "ರಿಪೋರ್ಟ್ ಮಾತ್ತಿ ಕೊಟ್ಟವ್ರೆ" ಅಂದುಬಿಟ್ಟರು. ಅದಲುಬದಲಾಗಿದೆ ಎಂದರ್ಥ. ಒಂದೇ ಮನೆಯ ಇಬ್ಬರು ಸೊಸೆಯರು, ಒಂದೇ ವಿಳಾಸ, ಒಂದೇ ದಿನ, ಒಂದರ ಹಿಂದೆ ಒಂದು. ಹೊಟ್ಟೆನೋವು ಇರುವವಳಿಗೆ ಕಾಯಿಲೆ ಇಲ್ಲವಂತೆ, ಕಲ್ಲುಗುಂಡಿನ ಹಾಗಿರುವವಳಿಗೆ ಇದೆಯಂತೆ, ಕೇಳಿದವರು ನಗುವುದಿಲ್ಲವೇ? ನಂದೀಶ್‌ಗೂ ಹಾಗೇ ಅನಿಸಿತು. ಅಂಗಡಿಯಲ್ಲಿ ಎಷ್ಟೋ ಸಲ ಒಬ್ಬರ ಪಾರ್ಸಲ್ ಇನ್ನೊಬ್ಬರಿಗೆ ಹೋಗುವುದಿಲ್ಲವೇ ಅಂದರು. ಪ್ರಸನ್ನ ಮಾತ್ರ ಎದ್ದು ವೀಣಾ ಇದ್ದ ಕೋಣೆಗೆ ಹೋದ. ನಾನೇ ಮಲಗಿ, ನನ್ನ ಹೊಟ್ಟೆಯ ಮೇಲೆಯೇ ಅವರು ಒತ್ತಿ ನೋಡಿದ್ದು ಎಂದು ಎಷ್ಟು ಹೇಳಿದರೂ ಅತ್ತೆಯ ಕಿವಿಗೆ ಹೋಗಲಿಲ್ಲ. ಆಗ ನನಗೂ ಒಳಗೊಳಗೇ ಅನುಮಾನ ಹುಟ್ಟಿತು. ಅತ್ತೆಯ ಮಾತೇ ನಿಜವಾಗಿದ್ದರೆ ಎಂಬ ಆಸೆಯೂ ಅದರ ಜೊತೆಗಿತ್ತು.

ಮರುದಿನ ಆಫೀಸಿನ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ, ಯಾರೂ ದೂರು ಕೊಟ್ಟಿಲ್ಲವೆಂದರೆ ತಪ್ಪಿಲ್ಲ ಎಂದರ್ಥವಲ್ಲ, ನೀನು ಇನ್ನೂ ನೋಡಿಲ್ಲ ಎಂದರ್ಥ ಎಂದು. ಕಂಪ್ಯೂಟರಿಗೆ ಒಪ್ಪುವ ಮಾತನ್ನು ನನ್ನ ಮೈಗೆ ಮಾತ್ರ ಯಾಕೆ ಒಪ್ಪುತ್ತಿಲ್ಲ? ಅನುಮಾನವಿದ್ದರೆ ಮತ್ತೆ ಪರೀಕ್ಷೆ ಮಾಡಬೇಕು, ಅಷ್ಟೆ. ಅವತ್ತೇ ಗಟ್ಟಿ ಮಾಡಿಕೊಂಡೆ. ವೀಣಾ ಬರುವುದು ಬೇಡ, ನಾನೊಬ್ಬಳೇ, ಬೇರೆ ಕಡೆ. ಅದಲುಬದಲಾಗಲು ದಾರಿಯೇ ಇರಬಾರದು.

ನಡುವಿನ ದಿನಗಳು ಬಹಳ ಕಷ್ಟದವು. ಅತ್ತೆ ಹರಕೆ ಹೊತ್ತರು. ಹೊರಗೆ ಯಾರಿಗೂ ಹೇಳಬೇಡ ಎಂದು ತಾಕೀತು ಮಾಡಿದರು. ನಾನು ದಿನಾ ಕನ್ನಡಿ ಮುಂದೆ ನಿಂತು ಎಡಗಡೆ ಒತ್ತಿ ನೋಡಿಕೊಳ್ಳುತ್ತಿದ್ದೆ. ಎಲ್ಲೂ ಚುರುಕ್ ಎನ್ನುತ್ತಿರಲಿಲ್ಲ. ಸ್ವಲ್ಪ ನೋವಾದರೂ ಬರಬಾರದೇ ಎಂದು ಬೇಡಿಕೊಂಡದ್ದೂ ಇದೆ. ಇರುವ ಕಾಯಿಲೆಯನ್ನು ನಂಬಲು ಅಷ್ಟಾದರೂ ಆಧಾರ ಬೇಕಿತ್ತು.

ಎರಡನೇ ಸ್ಕ್ಯಾನಿಗೆ ಅತ್ತೆ ತಾವೇ ಬರುತ್ತೇನೆಂದು ಹೊರಟರು. ಈ ಸಲ ಹೊಟ್ಟೆಯ ಮೇಲಲ್ಲ, ಒಳಗಿನಿಂದ ಮಾಡುವ ಸ್ಕ್ಯಾನು. ಅತ್ತೆ ನನ್ನ ತಲೆಯ ಪಕ್ಕ ನಿಂತು ಪರದೆಯನ್ನು ನೋಡುತ್ತಿದ್ದರು. ಈ ಡಾಕ್ಟರಿಗೆ ಹಿಂದಿನದು ಏನೂ ಹೇಳಿರಲಿಲ್ಲ. ಅವರು ತಾವಾಗಿಯೇ ಎಡಗಡೆ ನಿಂತರು. ಅದೇ ಗುಳ್ಳೆ, ಕರಗಿರಲಿಲ್ಲ. ಚಿಕ್ಕದೊಂದು ಬಲಗಡೆಯೂ ಇತ್ತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಮನೆ ಸೇರುವ ತನಕ ಬಿಡಲಿಲ್ಲ.

ನುಂಗಂಬಾಕ್ಕಂನ ಡಾಕ್ಟರು ಅಂಡಾಣುಗಳ ದಾಸ್ತಾನು ತಿಳಿಯುವ ರಕ್ತಪರೀಕ್ಷೆ ಮಾಡಿಸಿದರು. ನನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಬಂತು. ಕೊಯ್ದು ತೆಗೆಯಿರಿ ಎಂದು ನಾನೇ ಅವಸರ ಮಾಡಿದೆ. ಅವರು ಒಪ್ಪಲಿಲ್ಲ. ಗುಳ್ಳೆ ತೆಗೆಯಲು ಹೋದರೆ ಉಳಿದಿರುವ ಅಂಡಾಣುಗಳೂ ಸ್ವಲ್ಪ ಹೋಗಬಹುದು, ನೋವಿಲ್ಲ, ಗಾತ್ರವೂ ಭಯಪಡುವಷ್ಟಿಲ್ಲ, ಆಗಾಗ ಸ್ಕ್ಯಾನ್ ಮಾಡಿ ಕಣ್ಣಿಟ್ಟಿರೋಣ ಅಂದರು. ಮಗು ಬೇಕೆಂದಿದ್ದರೆ ಮಾತ್ರ ಎರಡು ವರ್ಷದ ಮಾತು ಮರೆತುಬಿಡಿ, ಈಗಲೇ ಪ್ರಯತ್ನ ಮಾಡಿ, ಆರು ತಿಂಗಳಲ್ಲಿ ಆಗದಿದ್ದರೆ ನನ್ನ ಹತ್ತಿರ ಬನ್ನಿ ಎಂದು ಖಡಾಖಂಡಿತವಾಗಿ ಹೇಳಿದರು.

ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ನಾನು ಹಾಲಿನಲ್ಲಿ ಕುಳಿತು ಹೇಳಿದೆ. ಎರಡನೇ ಅಂಗಡಿ ಆಗಲಿ ಬಿಡಲಿ, ನನ್ನ ಬಡ್ತಿ ಬರಲಿ ಹೋಗಲಿ, ನಾವು ಇನ್ನು ಕಾಯುವುದಿಲ್ಲ. ನಂದೀಶ್ ಮೊದಲು ಎಂದಿನಂತೆ, ಅಷ್ಟು ಅರ್ಜೆಂಟಾ, ನೀನು ಆರೋಗ್ಯವಾಗೇ ಇದ್ದೀಯಲ್ಲ ಅಂದರು. ಸ್ಟಾಕ್ ಮುಗಿಯುತ್ತಾ ಬಂದಿದೆ, ಹೊಸದಾಗಿ ಬರುವುದಿಲ್ಲ, ನಿಮಗೆ ಇನ್ನು ಹೇಗೆ ಹೇಳಲಿ ಎಂದೆ. ವ್ಯಾಪಾರಸ್ಥರಿಗೆ ಆ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ನಂದೀಶ್, ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ, ನಡಿ, ನಾಳೆ ನಾನೂ ಡಾಕ್ಟರ ಹತ್ತಿರ ಬರುತ್ತೇನೆ ಅಂದರು.

ನಾನು ಅಷ್ಟಕ್ಕೆ ಬಿಡಲಿಲ್ಲ. ವೀಣಾಳ ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಗೊತ್ತಾದಾಗಿನಿಂದ ಅವಳ ಔಷಧದ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತರಿಸಿದ ಮಾತ್ರೆಗಳೂ ಮುಗಿದಿದ್ದವು.

"ಅತ್ತೆ, ನನಗೆ ನೋವಿಲ್ಲ ಅಂತ ಕಾಯಿಲೆ ಇಲ್ಲ ಅಂದ್ರಿ. ಅದು ಸುಳ್ಳಾಯ್ತು. ಈಗ ವೀಣಾಗೆ ಸ್ಕ್ಯಾನಲ್ಲಿ ಏನೂ ಇಲ್ಲ ಅಂತ ನೋವೂ ಇಲ್ಲ ಅನ್ಬೇಡಿ. ಇಬ್ರೂ ಹೋಗ್ತೀವಿ, ಇಬ್ರಿಗೂ ಔಷಧಿ ಆಗ್ಬೇಕು" ಅಂದೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇಬ್ರೂ ಹೋಗ್ಬನ್ನಿ. ಮನೆ ಕೆಲ್ಸ ನಾನು ಪಾತ್ತುಕೊಳ್ತೀನಿ" ಅಂದರು. ನೋಡಿಕೊಳ್ಳುತ್ತೇನೆ ಎಂದು. ಅವರ ಬಾಯಿಂದ ಅದೇ ದೊಡ್ಡ ಮಾತು.

ಮುಂದಿನದು ಸುಲಭವಾಗಿ ಆಯಿತೆಂದು ಹೇಳಲಾರೆ. ಆರು ತಿಂಗಳು ಕಳೆದವು, ಆಗಲಿಲ್ಲ. ಐವಿಎಫ್‌ಗೆ ಹೋದೆವು. ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡು ಪೆರುಂಗುಡಿಯ ಬಸ್ಸು ಹಿಡಿಯುತ್ತಿದ್ದೆ. ಸಿಕ್ಕ ಅಂಡಾಣುಗಳೇ ಬೆರಳೆಣಿಕೆಯಷ್ಟು. ಮೊದಲನೇ ಸಲ ಕೈಗೂಡದಿದ್ದಾಗ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೊರಗೆ ಬಂದು ಮುಖ ಒರೆಸಿಕೊಂಡು, ಮುಂದಿನದು ಯಾವಾಗ ಎಂದು ಡಾಕ್ಟರಿಗೆ ಫೋನ್ ಮಾಡಿದೆ. ಈ ನಡುವೆ ಔಷಧದಿಂದ ಪೂರ್ತಿ ಗುಣ ಕಾಣದೆ ವೀಣಾಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೊಪಿ ಮಾಡಿದರು. ಗರ್ಭಕೋಶದ ಹಿಂದೆ ಸ್ಕ್ಯಾನಿಗೆ ಕಾಣದ ಸಣ್ಣ ಸಣ್ಣ ಕಲೆಗಳಿದ್ದವು, ಸುಟ್ಟು ತೆಗೆದರು. ಅದೇ ಎಂಡೊಮೆಟ್ರಿಯೋಸಿಸ್. ಡಾಕ್ಟರು ಹೆಸರು ಹೇಳಿದಾಗ ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಈಗ ಎಲ್ಲ ತಿಂಗಳೂ ಅಲ್ಲದಿದ್ದರೂ ಬಹುಪಾಲು ತಿಂಗಳು ಎದ್ದು ಓಡಾಡುತ್ತಾಳೆ.

ನನಗೆ ಎರಡನೇ ಪ್ರಯತ್ನದಲ್ಲಿ ಗರ್ಭ ನಿಂತಿತು. ಮಗಳು ಸಿಸೇರಿಯನ್‌ನಿಂದ ಹುಟ್ಟಿದಳು. ಆಪರೇಷನ್ ಮುಗಿದ ಮೇಲೆ ಡಾಕ್ಟರು ಬಂದು, ಒಳಗೆ ಎಡಭಾಗವೆಲ್ಲ ಅಂಟಿಕೊಂಡಿತ್ತು, ಇಷ್ಟಿದ್ದೂ ನಿಮಗೆ ನೋವು ಬರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಇನ್ನೆರಡು ವರ್ಷ ಕಾದಿದ್ದರೆ ನಾನೇನೂ ಭರವಸೆ ಕೊಡುತ್ತಿರಲಿಲ್ಲ ಅಂದರು.

ಆಫೀಸಿನ ಗೆಳತಿಯರು ಇದನ್ನು ಕೇಳಿ ಈಗಲೇ ಸ್ಕ್ಯಾನ್ ಮಾಡಿಸಬೇಕಾ ಎಂದು ಗಾಬರಿಯಾಗುತ್ತಾರೆ. ನೋವಿಲ್ಲದವರೆಲ್ಲ ಸಾಲು ನಿಲ್ಲಬೇಕಿಲ್ಲ ಎಂದು ನಮ್ಮ ಡಾಕ್ಟರೇ ಹೇಳಿದ್ದಾರೆ. ಆದರೆ ಮಗುವನ್ನು ಮುಂದಕ್ಕೆ ಹಾಕುವವರು ನನ್ನ ಹಾಗೆ ಮೈಯ ಧೈರ್ಯ ನಂಬಿ ಕೂರದೆ, ಒಮ್ಮೆ ಡಾಕ್ಟರ ಹತ್ತಿರ ಕುಳಿತು ಕೇಳಿಬಿಡಿ ಎನ್ನುತ್ತೇನೆ. ಹಾಗೆಯೇ ಮನೆಯಲ್ಲಿ ಯಾರಾದರೂ ನೋವೆಂದು ಮಲಗಿದ್ದರೆ ಅವರನ್ನು ನಂಬಿ ಎನ್ನುತ್ತೇನೆ. ಈ ಎರಡನೆಯದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಮಗಳಿಗೆ ಈಗ ಎಂಟು ತಿಂಗಳು. ವೀಣಾಳ ಸೊಂಟ ಬಿಟ್ಟು ಇಳಿಯುವುದಿಲ್ಲ. ನಾನು ಕೈ ಚಾಚಿದರೂ ಮುಖ ತಿರುಗಿಸಿ ಅವಳ ಹೆಗಲಿಗೆ ಅಂಟಿಕೊಳ್ಳುತ್ತಾಳೆ. ಹೆತ್ತವಳನ್ನೇ ಮರೆತಳಲ್ಲ ಎಂದು ಅತ್ತೆ ನಗುತ್ತಾರೆ. ನನಗೆ ಮಾತ್ರ ಅದರಲ್ಲಿ ಬೇಸರವೇ ಇಲ್ಲ. ನನ್ನ ಮೈ ನನಗೆ ಏನನ್ನೂ ಹೇಳಲಿಲ್ಲ. ವೀಣಾ ಅವತ್ತು ದೋಸೆಯ ಕಾವಲಿಯ ಮುಂದೆ ಕುಸಿಯದಿದ್ದರೆ ನಾನು ಆ ಸ್ಕ್ಯಾನಿನ ಮಂಚದ ಮೇಲೆ ಮಲಗುತ್ತಲೇ ಇರಲಿಲ್ಲ. ಎಲ್ಲರೂ ಮಾಮೂಲಿ ಎಂದು ತಳ್ಳಿದ ಅವಳ ನೋವಿನಿಂದಲೇ ನನ್ನ ಮಗಳು ಹುಟ್ಟಿದ್ದು.